ಬಿಸಿಲು ಇಳಿದ ಮನೆ

ನಾನು ಕೆಟ್ಟವಳೇನೋ ಎಂಬ ಅನುಮಾನ ನನಗೆ ಆ ವರ್ಷ ಶುರುವಾಯಿತು. ಕಳ್ಳಿ, ಮೋಸಗಾತಿ ಅನ್ನುವ ಹಾಗೆ ಕೆಟ್ಟವಳಲ್ಲ. ಎದುರುಮನೆ ಚಂಪಕಾ ನಕ್ಕರೆ ನನ್ನ ಬಾಯಿ ಕಹಿಯಾಗುತ್ತಿತ್ತು, ಅಷ್ಟೇ. ಅವಳು ತಲೆಗೆ ನೀರು ಹಾಕಿಕೊಂಡು, ಕೂದಲು ಬಿಟ್ಟುಕೊಂಡು ಜಗುಲಿಗೆ ಬಂದರೆ ನಾನು ಕಿಟಕಿ ಮುಚ್ಚುತ್ತಿದ್ದೆ. ಮುಚ್ಚಿ, ಅದರ ಸಂದಿಯಿಂದ ನೋಡುತ್ತಿದ್ದೆ. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗೆ. ಬಿ.ಎ. ಪರೀಕ್ಷೆಯ ಹಿಂದಿನ ದಿನವೂ ಬಿಟ್ಟವಳಲ್ಲ. ಆದರೆ ಈ ವಿಷಯ ಬರೆಯಲು ಕೈ ಬರಲಿಲ್ಲ. ಪೆನ್ನು ಹಿಡಿದು ಬಹಳ ಹೊತ್ತು ಕೂತು, ‘ಇವತ್ತು ಸಾರಿಗೆ ಉಪ್ಪು ಹೆಚ್ಚಾಗಿತ್ತು’ ಎಂದು ಬರೆದು ಮಲಗಿದೆ.

ಬಿಸಿಲು ಅವರ ಮನೆಗೆ ಇಳಿದಿತ್ತು.

ನಮ್ಮ ಊರಿನಲ್ಲಿ ದೀಪಾವಳಿಯ ಹಣತೆಗಳನ್ನು ತೊಳೆದು ಅಟ್ಟಕ್ಕೆ ಏರಿಸುವ ಹೊತ್ತಿಗೆ ಮಬ್ಬುಗಾಲ ಹಿಡಿಯುತ್ತದೆ. ಶಿವರಾತ್ರಿಯವರೆಗೂ ಬಿಡುವುದಿಲ್ಲ. ಅಷ್ಟು ದಿನ ಬಿಸಿಲು ಬರುವುದು ಊರಿನ ಒಂದೇ ಮನೆಗೆ. ವರ್ಷಕ್ಕೊಂದು ಮನೆ. ಉಳಿದ ಊರೆಲ್ಲ ಮುಚ್ಚಳ ಹಾಕಿದ ಪಾತ್ರೆಯ ಹಾಗಿರುತ್ತದೆ. ಮಧ್ಯಾಹ್ನ ಅಕ್ಕಿ ಆರಿಸಲೂ ದೀಪ ಹಚ್ಚಬೇಕು. ಒಂದು ವರ್ಷ ಬಿಸಿಲು ಅಂಚೆ ಕಚೇರಿಯ ಹಿತ್ತಿಲಿಗೆ ಇಳಿದಿತ್ತು. ಆ ಸಲ ನಮಗೆ ಬಂದ ಕಾಗದಗಳೆಲ್ಲ ಕೈಗೆ ಬೆಚ್ಚಗಿರುತ್ತಿದ್ದವು. ಇನ್ನೊಂದು ವರ್ಷ, ಯಾರ ಜೊತೆಗೂ ಮಾತಾಡದ ವಕೀಲರೊಬ್ಬರ ಮನೆಗೆ ಇಳಿಯಿತು. ಶಿವರಾತ್ರಿ ಬರುವಷ್ಟರಲ್ಲಿ ಅವರಿಗೆ ಬೀದಿಯ ಮಕ್ಕಳೆಲ್ಲರ ಹೆಸರೂ ಬಾಯಿಗೆ ಬರುತ್ತಿತ್ತು. ನಮ್ಮ ಮನೆಗೆ ನಾನು ಹುಟ್ಟಿದ ಮೇಲೆ ಒಮ್ಮೆಯೂ ಬಂದದ್ದಿಲ್ಲ.

ಬಿಸಿಲು ಇಳಿದ ಮನೆಯವರು ಬೆಳಿಗ್ಗೆ ತೆಗೆದ ಬಾಗಿಲನ್ನು ಬಿಸಿಲು ಹೋಗುವತನಕ ಹಾಕುವಂತಿಲ್ಲ. ಊರಿನವರು ಯಾರು ಬೇಕಾದರೂ ಬಂದು ಮನೆ ನಡುವಿನ ತೆರೆದ ತೊಟ್ಟಿಯಲ್ಲಿ ಕೂರಬಹುದು. ಬಾಣಂತಿಯರು ಕೂಸುಗಳನ್ನು ತರುತ್ತಾರೆ, ಮುದುಕರು ಮಂಡಿಗಳನ್ನು ತರುತ್ತಾರೆ, ಉಳಿದವರು ಹಪ್ಪಳ ಸಂಡಿಗೆ ಮೆಣಸಿನಕಾಯಿ. ಕಾಫಿಪುಡಿ, ಸಕ್ಕರೆ ಬಂದವರದೇ. ಹಾಲು ಮಾತ್ರ ಮನೆಯವರದು. ಆ ಮನೆಯ ಹೆಣ್ಣುಮಕ್ಕಳು ಸಂಕ್ರಾಂತಿಯ ಹೊತ್ತಿಗೆ ಹುರಿದ ಕಡಲೆಯ ಬಣ್ಣಕ್ಕೆ ತಿರುಗಿರುತ್ತಾರೆ. ನಮ್ಮಲ್ಲಿ ಮದುವೆಯ ಮಾತಿಗೆ ಕೂತಾಗ ‘ಹುಡುಗಿ ಒಳ್ಳೇ ಕಪ್ಪಗಿದ್ದಾಳೆ’ ಅಂದರೆ ಗಂಡಿನ ಕಡೆಯವರು ಮುಂದಕ್ಕೆ ಬಾಗಿ ಕೇಳುತ್ತಾರೆ.

ಕಟ್ಟಳೆ ಇರುವುದು ಒಂದೇ. ಹೊಸ್ತಿಲ ಬಳಿ ಆ ಮನೆಯ ಹಿರಿಯ ಹೆಂಗಸು ಚಾಪೆ ಹಾಕಿಕೊಂಡು ಕೂತಿರುತ್ತಾಳೆ. ಒಳಗೆ ಕಾಲಿಡುವವರನ್ನು “ಹೊಟ್ಟೆ ತಣ್ಣಗಿದೆಯಾ?” ಎಂದು ಕೇಳುತ್ತಾಳೆ. “ತಣ್ಣಗಿದೆ” ಎಂದು ಹೇಳಿ ಒಳಗೆ ಹೋಗಬೇಕು. ಹೊಟ್ಟೆ ಉರಿಯುವವರು ಬಂದು ಕೂತರೆ ಬಿಸಿಲು ಎದ್ದು ಹೋಗುತ್ತದೆ ಎನ್ನುತ್ತಾರೆ. ತಾತನ ಕಾಲದಲ್ಲಿ ಹಾಗೆ ಆಗಿತ್ತಂತೆ. ಯಾರೋ ಒಬ್ಬಾಕೆ ಉರಿಯುವ ಹೊಟ್ಟೆ ಇಟ್ಟುಕೊಂಡು ತಣ್ಣಗಿದೆ ಅಂದಳಂತೆ, ನಡು ಪುಷ್ಯದಲ್ಲಿ ಬಿಸಿಲು ಹೊರಟುಹೋಯಿತಂತೆ. ಉಪ್ಪಿನಕಾಯಿಗೆಲ್ಲ ಬೂಷ್ಟು ಹಿಡಿದು, ಕೂಸುಗಳು ಹಳದಿಯಾಗಿ, ಶಿವರಾತ್ರಿಯವರೆಗೆ ಊರಿಗೆ ಊರೇ ಕತ್ತಲಲ್ಲಿ ಕೂತಿತಂತೆ. ಆಕೆಯ ಹೆಸರನ್ನು ಈಗಲೂ ಯಾರೂ ಹೇಳುವುದಿಲ್ಲ.

ಚಂಪಕಾಳ ಮನೆಗೆ ಬಿಸಿಲು ಇಳಿದ ಮೊದಲ ದಿನ ಅಮ್ಮ ನನ್ನ ಕೈಗೆ ಅರಳು ಸಂಡಿಗೆಯ ಮೊರ ಕೊಟ್ಟು ಕಳಿಸಿದಳು. ಹೊಸ್ತಿಲಲ್ಲಿ ಚಂಪಕಾಳ ಅಜ್ಜಿ ದೇವೀರಮ್ಮ ಹೊಸ ಸೀರೆ ಉಟ್ಟು, ಅಡಕೆ ಕತ್ತರಿಸುತ್ತಾ ಕೂತಿದ್ದರು. ನನ್ನ ಮುಂದೆ ಇದ್ದವರು ಅವರ ಪಕ್ಕದ ಮನೆಯ ಶಾಂತಕ್ಕ. ಹಿತ್ತಿಲ ಗೋಡೆಯ ವಿಷಯಕ್ಕೆ ಎರಡೂ ಮನೆಗಳಿಗೆ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿತ್ತು.

“ಹೊಟ್ಟೆ ತಣ್ಣಗಿದೆಯೇನೇ ಶಾಂತಿ?”

“ಅಯ್ಯೋ, ತಣ್ಣಗೇನು ಬಂತು, ಮಂಜುಗಡ್ಡೆ ಆಗಿದೆ!” ಅಂದು ಶಾಂತಕ್ಕ ಸೀರೆ ಎತ್ತಿಕೊಂಡು ಒಳಗೆ ನಡೆದೇಬಿಟ್ಟರು. ದೇವೀರಮ್ಮಜ್ಜಿ ಅವರ ಬೆನ್ನು ನೋಡಿ, “ಕರಗಿದ್ರೆ ಒರೆಸ್ಕೊಂಡು ಹೋಗು” ಅಂದರು. ಒಳಗೆಲ್ಲ ನಗೆ. ಆಮೇಲೆ ನನ್ನ ಕಡೆ ತಿರುಗಿದರು. “ನೀನವ್ವಾ ಮಂಗಳಾ? ಹೊಟ್ಟೆ ತಣ್ಣಗಿದೆಯಾ?”

ನಾನು ಒಳಗೆ ನೋಡಿದೆ. ತೊಟ್ಟಿಯ ತುಂಬ ಬಿಸಿಲು. ಅದರ ನಟ್ಟನಡುವೆ ಚಂಪಕಾ ಮಂಡಿಯೂರಿ ಕೂತು ಯಾರದೋ ಕೂಸನ್ನು ಮೇಲಕ್ಕೆತ್ತಿ ಆಡಿಸುತ್ತಿದ್ದಳು. ಅವಳ ಕಿವಿಯ ಅಂಚು ಬೆಳಕಿಗೆ ಕೆಂಪಾಗಿ ಕಾಣುತ್ತಿತ್ತು. ಅದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಏನೋ ಹೊತ್ತಿಕೊಂಡಿತು. ಶಾಂತಕ್ಕನಂಥವರು ಆಡುವ ಮಾತನ್ನು ನಾನೂ ಆಡಬಹುದಿತ್ತು. ಆದರೆ ಅಷ್ಟು ಜನರ ಪೈಕಿ ನಾನೊಬ್ಬಳೇ ಆ ಪ್ರಶ್ನೆಯನ್ನು ಪ್ರಶ್ನೆ ಎಂದುಕೊಂಡೆನೋ ಏನೋ. “ಸ್ನಾನ ಆಗಿಲ್ಲ ಅಜ್ಜಿ, ಆಮೇಲೆ ಬರ್ತೀನಿ” ಎಂದು ಮೊರವನ್ನು ಅಲ್ಲೇ ಇಟ್ಟು ಬಂದುಬಿಟ್ಟೆ.

ಆಮೇಲೆ ಅನ್ನುವುದು ಬರಲೇ ಇಲ್ಲ. ಒಂದು ದಿನ ತಲೆನೋವು ಅಂದೆ, ಒಂದು ದಿನ ಮುಟ್ಟು ಅಂದೆ, ಒಂದು ದಿನ ಮಕ್ಕಳ ಉತ್ತರಪತ್ರಿಕೆ ತಿದ್ದಬೇಕು ಅಂದೆ. ಆಗ ನನಗೊಂದು ಕೆಲಸವಿತ್ತು. ಹೆಣ್ಣುಮಕ್ಕಳ ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಪಾಠ. ಖಾಯಮ್ಮಿನದಲ್ಲ, ಜೂನಿನಲ್ಲಿ ಸೇರಿದ್ದು. ಆ ಮೊದಲ ತಿಂಗಳುಗಳ ಬಿಸಿಲಿನಲ್ಲಿ ನಾನು ಎಂಥ ಟೀಚರಾಗಿದ್ದೆನೆಂದರೆ, ಜನರೆದುರು ಬಾಯಿಬಿಡದ ನಾನು ಆ ಹುಡುಗಿಯರೆದುರು ಪದ್ಯಗಳನ್ನು ರಾಗವಾಗಿ ಓದುತ್ತಿದ್ದೆ. ಮಬ್ಬು ಹಿಡಿದ ಮೇಲೆ ರಾಗ ಮೊದಲು ಹೋಯಿತು. ಆಮೇಲೆ ಬೆಳಿಗ್ಗೆ ಏಳುವುದು ಹೋಯಿತು. ನೆನೆಸಿದ ಕಂಬಳಿಯನ್ನು ಯಾರೋ ನನ್ನ ಮೇಲೆ ಹೊದಿಸಿ ಹೋದ ಹಾಗೆ ಮೈಯೆಲ್ಲ ಭಾರ. ಎಷ್ಟು ಮಲಗಿದರೂ ನಿದ್ದೆ ತೀರದು. ಅನ್ನ ಸೇರದು, ಬೆಲ್ಲದ ಡಬ್ಬಿ ಮಾತ್ರ ಖಾಲಿಯಾಗುತ್ತಿತ್ತು. ತಲೆ ಬಾಚಿಕೊಳ್ಳಲು ಕೈ ಎತ್ತುವುದೇ ದೊಡ್ಡ ಕೆಲಸವೆನಿಸಿ, ಹಾಗೇ ತುರುಬು ಸುತ್ತಿ ಬಿಡುತ್ತಿದ್ದೆ. ದಿನಚರಿಯಲ್ಲಿ ‘ಅದೇ’ ಎಂದು ಬರೆಯುತ್ತಿದ್ದೆ. ಮಾರನೇ ದಿನ ಮತ್ತೆ ‘ಅದೇ’. ಕೊನೆಗೆ ಜ್ವರ ಎಂದು ಹೇಳಿಸಿ ಶಾಲೆಗೆ ರಜಾ ಹಾಕಿದೆ.

“ಓದಿದೋರಿಗೆ ಬರೋ ಕಾಯಿಲೆ ಕಣೇ ಇದು” ಅಂದಳು ಅಮ್ಮ, ಹಣೆ ಮುಟ್ಟಿ ನೋಡಿ. “ಹಣೆ ತಣ್ಣಗೆ ತಣ್ಣೀರಿನ ಹಾಗಿದೆ. ಎಲ್ಲಿದೆ ಜ್ವರ?” ಆದರೂ ಮೆಣಸಿನ ಕಷಾಯ ಕುಡಿಸಿದಳು. ಅದಕ್ಕೂ ಬಗ್ಗದಿದ್ದಾಗ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, “ಯಾವ ಪಾಪಿ ಕಣ್ಣು ಬಿತ್ತೋ ನನ್ನ ಮಗಳ ಮೇಲೆ” ಎಂದು ಬೀದಿಗೆ ಕೇಳುವಂತೆ ಶಪಿಸಿದಳು. ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತಾ ನಾನು ಗೋಡೆಯ ಕಡೆ ತಿರುಗಿಕೊಂಡೆ. ಬೀದಿಯಲ್ಲಿ ಬಿದ್ದ ಕಣ್ಣು ಯಾವುದು, ಯಾರ ಮೇಲೆ ಎಂದು ನನಗೆ ಗೊತ್ತಿತ್ತು.

ನನ್ನ ತರಗತಿಗಳನ್ನು ತಾತ್ಕಾಲಿಕವಾಗಿ ಚಂಪಕಾಗೆ ಕೊಟ್ಟರು. ನಾವಿಬ್ಬರೂ ಒಟ್ಟಿಗೆ ಬಿ.ಎ. ಓದಿದವರು, ಒಂದೇ ಬೆಂಚು. ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ ಬಂದಿತ್ತು. ಇದನ್ನು ನಾನು ಆ ದಿನಗಳಲ್ಲಿ ಹಾಸಿಗೆಯಲ್ಲಿ ಮಲಗಿ ಬಹಳ ಸಲ ನೆನಪಿಸಿಕೊಂಡೆ.

ಒಂದು ಸಂಜೆ ಅವಳೇ ಬಂದಳು. ಬಂದವಳು ನೇರ ನನ್ನ ಮಂಚದ ಮೇಲೆ ಕೂತಳು. ಬಿಸಿಲಿನಲ್ಲಿ ಒಣಗಿದ ಬಟ್ಟೆಗೊಂದು ವಾಸನೆ ಇರುತ್ತದಲ್ಲ, ಅವಳ ಸೀರೆ, ಅವಳ ಕೂದಲು, ಅವಳ ಕುತ್ತಿಗೆ ಎಲ್ಲ ಆ ವಾಸನೆ. ನಮ್ಮ ಮನೆಯಲ್ಲಿ ಹೊಗೆಗೆ ಹಿಡಿದು ಒಣಗಿಸಿದ ಬಟ್ಟೆ ಉಟ್ಟಿದ್ದ ನಾನು ಒಂದಿಷ್ಟು ಆಚೆ ಸರಿದೆ.

“ಏನೇ ಇದು, ಹಿಂಗೆ ಮಲಗಿದೀಯ? ಆರನೇ ಕ್ಲಾಸಿನ ಆ ಉದ್ದಜಡೆ ಹುಡುಗಿ ದಿನಾ ಪ್ರಾಣ ತಿಂತಾಳೆ, ಮಂಗಳಾ ಮಿಸ್ ಯಾವಾಗ ಬರ್ತಾರೆ, ನೀವು ಪದ್ಯ ಹೇಳೋದು ರೇಷನ್ ಚೀಟಿ ಓದಿದ ಹಾಗಿದೆ ಅಂತ. ನೋಡು, ನನ್ನ ಮರ್ಯಾದೆ!”

ಅವಳು ನಗುತ್ತಾ ಹೇಳಿದ್ದು. ನನಗೆ ಕೇಳಿಸಿದ್ದು ‘ದಿನಾ’ ಅನ್ನುವುದೊಂದೇ. ದಿನಾ ಇವಳು ನನ್ನ ಕುರ್ಚಿಯಲ್ಲಿ ಕೂರುತ್ತಾಳೆ.

“ನಿನಗೇನು ಬಿಡು” ಅಂದೆ. “ಕೂತಲ್ಲಿಗೇ ಬಿಸಿಲು, ಕೂತಲ್ಲಿಗೇ ಕೆಲಸ.”

ಚಂಪಕಾಳ ನಗು ಅರ್ಧಕ್ಕೆ ನಿಂತಿತು. “ಬಿಸಿಲು ಅಂದ್ರೆ ನೀನೇನು ತಿಳ್ಕೊಂಡಿದೀಯ? ಬೆಳಗಾದ್ರೆ ಅರವತ್ತು ಲೋಟ ತೊಳೀಬೇಕು. ನಿನ್ನೆ ಯಾರದೋ ಮುದುಕಪ್ಪ ನನ್ನ ದಿಂಬನ್ನೇ ಮಂಡಿ ಕೆಳಗೆ ಇಟ್ಕೊಂಡು ಮಲಗಿದ್ದ. ನೀನು ಬಂದಿದ್ರೆ ಮಾತಾಡೋಕಾದ್ರೂ ಒಬ್ಬಳು ಇರ್ತಿದ್ಲು.” ಮಂಚದಿಂದ ಏಳುತ್ತಾ, “ಹೆಡ್‌ಮಿಸ್ ಒಂದು ಮಾತು ಹೇಳಿ ಕಳ್ಸಿದಾರೆ. ಸಂಕ್ರಾಂತಿ ಆದ ಮೇಲಿನ ಸೋಮವಾರ ನೀನು ಬರ್ಬೇಕಂತೆ. ಬರದಿದ್ರೆ ಪರೀಕ್ಷೆ ಮುಗಿಯೋವರೆಗೂ ನನಗೇ ಕೊಡ್ತಾರಂತೆ. ಹಂಗೆ ಆಗ್ಬಾರದು ಕಣೆ, ಬಂದ್ಬಿಡು” ಅಂದಳು.

ಅವಳು ಹೋದ ಮೇಲೆ ದಿಂಬಿನಲ್ಲಿ ಆ ಬಿಸಿಲಿನ ವಾಸನೆ ಉಳಿದಿತ್ತು. ಅದನ್ನು ಮೂಸಿ ಮೂಸಿ, ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂದು ದಿಂಬನ್ನು ಕೆಳಗೆ ಎಸೆದೆ. ಮತ್ತೆ ಒಂದು ಕೆಲಸ ಮಾಡಿದೆ. ಕಂಬಳಿಯನ್ನು ತಲೆತುಂಬ ಎಳೆದುಕೊಂಡು, ಹಲ್ಲು ಕಚ್ಚಿ, ಹೋಗಲಿ, ಅವರ ಮನೆಯಿಂದ ಬಿಸಿಲು ಹೋಗಲಿ, ಯಾರಿಗೂ ಬೇಡ, ಇಡೀ ಊರೇ ನನ್ನ ಹಾಗೆ ಆಗಲಿ ಎಂದು ಬೇಡಿಕೊಂಡೆ.

ಸಂಕ್ರಾಂತಿಯ ಮಾರನೇ ದಿನ ಅಮ್ಮ ಒಣಗದ ಹಪ್ಪಳಗಳನ್ನು ಹಾಗೇ ವಾಪಸು ಹೊತ್ತುಕೊಂಡು ಬಂದಳು. “ಬಿಸಿಲು ತೆಳ್ಳಗಾಗಿದೆ ಕಣ್ರೀ” ಎಂದು ನಡುಮನೆಯಲ್ಲಿ ನೀಲತ್ತೆಗೆ ಹೇಳುತ್ತಿದ್ದಳು. “ತೊಟ್ಟಿಯ ಅರ್ಧಕ್ಕೆ ಬಂದು ನಿಂತಿದೆ. ನೀರು ಬೆರೆಸಿದ ಹಾಲಿನ ಹಾಗಿದೆ. ದೇವೀರಮ್ಮ ಒಬ್ಬೊಬ್ಬರನ್ನೂ ಮೂರು ಮೂರು ಸಲ ಕೇಳ್ತಿದಾರೆ, ಕಣ್ಣು ನೋಡಿ ಒಳಗೆ ಬಿಡ್ತಿದಾರೆ. ಯಾರ ಹೊಟ್ಟೆ ಉರೀತಿದೆಯೋ!”

ಮೊದಲು ನನಗೆ ಆದದ್ದು ಸಂತೋಷ, ನಾಲಿಗೆಯ ಮೇಲೆ ಬೆಲ್ಲ ಇಟ್ಟ ಹಾಗೆ. ಅದು ಕರಗುವಷ್ಟರಲ್ಲಿ ದಡಬಡಿಸಿ ಎದ್ದು ಕೂತೆ. ಹೊಸ್ತಿಲು ಕೂಡ ದಾಟದೆ, ಬೀದಿಯ ಈಚೆ ಮಲಗಿಕೊಂಡೇ ನಾನು ಇದನ್ನು ಮಾಡಿದ್ದೆ. ಆ ಕೂಸುಗಳು ನೆನಪಾದವು. ನನ್ನ ಹೆಸರನ್ನು ಯಾರೂ ಹೇಳದ ಕಾಲ ಕಣ್ಣಮುಂದೆ ಬಂತು. ಅತ್ತೆ ಕಾಫಿ ತೆಗೆದುಕೊಂಡು ಒಳಗೆ ಬಂದಾಗ ನಾನು ಮಂಡಿಯ ಮೇಲೆ ಮುಖ ಇಟ್ಟು ಕೂತಿದ್ದೆ.

ನೀಲತ್ತೆ ನನ್ನ ಅಪ್ಪನ ಅಕ್ಕ. ನನಗೆ ಬುದ್ಧಿ ಬರುವುದಕ್ಕೆ ಮುಂಚೆಯೇ ಗಂಡನ ಮನೆಯಿಂದ ಬಂದು ನಮ್ಮ ಜೊತೆ ಇದ್ದವಳು. ಹೊಂದಾಣಿಕೆ ಆಗಲಿಲ್ಲ ಎಂದಷ್ಟೇ ನನಗೆ ಗೊತ್ತು. ಅವಳು ಲೋಟ ಕಿಟಕಿಯ ಮೇಲಿಟ್ಟು ಮಂಚದ ಕಾಲ್ದೆಸೆಗೆ ಕೂತಳು.

“ಈ ವರ್ಷ ಯಾರು?” ಅಂದಳು. “ಚಂಪಿನಾ?”

ನಾನು ತಲೆ ಎತ್ತಲಿಲ್ಲ.

“ಹೋದ ವರ್ಷ ಲೈಬ್ರರಿ ಕೆಲಸ ಸಿಕ್ತಲ್ಲ, ಆ ಶರ್ವಾಣಿ. ಅದರ ಹಿಂದಿನ ವರ್ಷ ನಿಮ್ಮ ಚಿಕ್ಕಪ್ಪನ ಮಗಳು, ಅವಳ ಅಕ್ಷರ ಚೆಂದ ಅಂತ. ಅಕ್ಷರಕ್ಕೆ ಯಾರಾದ್ರೂ ಹೊಟ್ಟೆ ಉರ್ಕೋತಾರೇನೆ? ಪಿಯುಸಿಲಿದ್ದಾಗ ಶೆಟ್ಟರ ಮನೆ ಹಸುವಿನ ಮೇಲೆ.”

“ಹಸುವಾ?”

“ಹ್ಞೂಂ ಮತ್ತೆ. ‘ಅದಕ್ಕೇನತ್ತೆ, ಅದನ್ನ ಯಾರೂ ಏಳು ಏಳು ಅನ್ನಲ್ಲ’ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡಿದ್ದೆ. ಶಿವರಾತ್ರಿ ಕಳೆದು ಬಿಸಿಲು ಬೀದಿಗೆ ಬಿತ್ತು ಅಂದ್ರೆ ಮುಗೀತು, ಅವರ ಮನೆಗಳಿಗೇ ಹೋಗಿ ಕೋಸಂಬರಿ ತಿಂದ್ಕೊಂಡು ಬರ್ತಿದ್ದೆ. ನೆಗಡಿಗೆ ಮುಂಚೆ ಮೂಗು ತುರಿಸತ್ತಲ್ಲ, ಹಂಗೆ ನಿನಗೆ ಇದು.”

ನಾನು ಕಿಟಕಿಯಾಚೆ, ಎದುರುಮನೆಯ ಕಡೆ ಕೈ ತೋರಿಸಿದೆ. ಅವಳಿಗೆ ಅರ್ಥವಾಯಿತು. ಬಾಯಿಗೆ ಸೆರಗು ಅಡ್ಡ ಹಿಡಿದು ಮಂಚ ಅಲುಗುವ ಹಾಗೆ ನಕ್ಕಳು.

“ಬಿಸಿಲು ತೆಳ್ಳಗಾಗಿದ್ದು ನಿನ್ನಿಂದಲಾ? ಅಯ್ಯೋ ನನ್ನ ಕಂದಾ! ನಿನ್ನ ಹೊಟ್ಟೆಕಿಚ್ಚಿಗೆ ಅಷ್ಟು ಕಾವಿದ್ದಿದ್ರೆ ನಿಮ್ಮಮ್ಮ ಅದರಲ್ಲೇ ಅನ್ನ ಬೇಯಿಸ್ತಿದ್ಲು, ಸೌದೆ ಉಳೀತಿತ್ತು. ಪ್ರತಿ ವರ್ಷಾನೂ ಸಂಕ್ರಾಂತಿ ಆದ್ಮೇಲೆ ಎರಡು ವಾರ ಬಿಸಿಲು ಹಿಂಗೇ ಸೊರಗತ್ತೆ, ಮತ್ತೆ ತುಂಬ್ಕೊಳತ್ತೆ. ಊರಿಗೆ ಊರೇ ಪ್ರತಿ ವರ್ಷಾನೂ ಅದನ್ನ ಮರೀತದೆ, ಪ್ರತಿ ವರ್ಷಾನೂ ಒಬ್ಬರನ್ನ ಹುಡುಕತ್ತೆ.”

ನಗು ನಿಂತ ಮೇಲೆ ಅವಳು ನನ್ನ ಪಾದಗಳನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಉಜ್ಜತೊಡಗಿದಳು. ಉಜ್ಜುತ್ತಾ, ನೆಲ ನೋಡುತ್ತಾ ಹೇಳಿದಳು:

“ನನ್ನ ಮದುವೆ ಆಗಿದ್ದು ವೈಶಾಖದಲ್ಲಿ. ಆ ಮನೆ ತುಂಬ ಹಾಡ್ಕೊಂಡು ಓಡಾಡಿದೆ. ಕಾರ್ತೀಕ ಮುಗೀತು, ಮಬ್ಬು ಬಂತು. ನನಗೆ ಏಳಕ್ಕಾಗ್ಲಿಲ್ಲ. ಒಲೆ ಮುಂದೆ ಕೂತ್ರೆ ಕೂತಲ್ಲೇ ಕೂತಿರ್ತಿದ್ದೆ, ಅನ್ನ ಸೀದು ಹೋಗೋದು. ನಮ್ಮ ಮಾವ, ‘ತೋರಿಸಿದ ಹೆಣ್ಣೇ ಬೇರೆ, ಕಳಿಸಿದ ಹೆಣ್ಣೇ ಬೇರೆ’ ಅಂತ ನಿಮ್ಮ ತಾತನ ಎದುರಿಗೇ ಅಂದ್ರು. ತಾತನೇ ನನ್ನ ವಾಪಸು ಕರ್ಕೊಂಡು ಬಂದ್ರು. ಶಿವರಾತ್ರಿ ಆದ ಮೇಲೆ ನಾನು ಸರಿಯಾದೆ. ಮತ್ತೆ ಹಾಡ್ದೆ. ಅಷ್ಟರಲ್ಲಿ ಅವರು ಬೇರೆ ಹುಡುಗಿ ನೋಡಾಗಿತ್ತು.”

“ಅತ್ತೆ...”

“ಎಷ್ಟೋ ವರ್ಷ ಆದ್ಮೇಲೆ ಆಸ್ಪತ್ರೆಗೆ ಒಬ್ಬರು ಡಾಕ್ಟರಮ್ಮ ಬಂದ್ರು, ಈಗ್ಲೂ ಇದಾರಲ್ಲ, ಅವರೇ. ಬೆಳಕು ಕಮ್ಮಿಯಾದಾಗ ಕೆಲವರಿಗೆ ಬರೋ ಕಾಯಿಲೆ ಇದು, ಸೋಮಾರಿತನ ಅಲ್ಲ ಅಂದ್ರು. ಮಬ್ಬುಗಾಲ ಪೂರ್ತಿ ಮಾತ್ರೆ ಕೊಡ್ತಾರೆ. ನಿಮ್ಮಮ್ಮನಿಗೆ ಮಂಡಿನೋವಿಂದು ಅಂತ ಹೇಳಿದೀನಿ. ಬೆಳಿಗ್ಗೆ ಎದ್ದು ಬಿಸಿಲಲ್ಲಿ ಕೂರಿ, ನಡೀರಿ, ಯಾರಿಗಾದ್ರೂ ಹೇಳ್ಕೊಳ್ಳಿ ಅಂದ್ರು. ಕೂರೋದು, ನಡೆಯೋದು, ನುಂಗೋದು ಎಲ್ಲ ಮಾಡ್ದೆ. ಹೇಳ್ಕೊಳ್ಳೋದು ಮಾತ್ರ ಇವತ್ತಿನವರೆಗೂ ಆಗಿರ್ಲಿಲ್ಲ. ನಿನಗೆ ಹೇಳ್ತಿರೋದೇ ಮೊದಲು.”

ಅವಳು ಹೋದ ಮೇಲೆ ನನಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಳು ಬಂತು, ಅತ್ತೆಯನ್ನು ನೆನೆದು ಅತ್ತುಬಿಟ್ಟೆ. ಆದರೆ ಅದರ ಜೊತೆಗೆ ಒಂದು ವಿಚಿತ್ರ ಅವಮಾನವೂ ಆಯಿತು. ಇಷ್ಟು ದಿನ ನನ್ನೊಳಗೆ ಉರಿದದ್ದು ಕೊನೆಪಕ್ಷ ನನ್ನದು, ನನ್ನ ಕೆಟ್ಟತನ ಎಂದುಕೊಂಡಿದ್ದೆ. ಅದು ಮಾವಿನ ಚಿಗುರಿನ ಹಾಗೆ ಕಾಲಕ್ಕೆ ಬಂದು ಹೋಗುವಂಥದ್ದು ಅಂದರೆ! ಮತ್ತೆ, ಹೀಗೆಂದು ಗೊತ್ತಾದ ಮಾತ್ರಕ್ಕೆ ಉರಿ ಆರಲಿಲ್ಲ. ಎದುರುಮನೆಯಿಂದ ನಗೆ ಕೇಳಿಸಿದರೆ ಈಗಲೂ ಬಾಯಿ ಕಹಿಯಾಗುತ್ತಿತ್ತು. ವ್ಯತ್ಯಾಸ ಇಷ್ಟೇ. ಕಹಿಯಾದಾಗ, ಓ, ಇದು ಮಬ್ಬು, ಎಂದು ಒಳಗೇ ಒಬ್ಬರು ಪಿಸುಗುಟ್ಟುತ್ತಿದ್ದರು. ಆ ದನಿ ಅತ್ತೆಯದೇ ಇತ್ತು.

ಮರುದಿನದಿಂದ ಅತ್ತೆ ನನ್ನನ್ನು ಎಬ್ಬಿಸತೊಡಗಿದಳು. “ಇವತ್ತು ಕೂತ್ಕೊ ಸಾಕು, ಮುಖ ತೊಳೆಯೋದು ನಾಳೆ ನೋಡ್ಕೊಳೋಣ” ಅನ್ನುತ್ತಿದ್ದಳು. ಕೂತ ಮೇಲೆ ಮುಖ ತೊಳೆಯದೆ ಇರುವುದು ಕಷ್ಟವಾಗುತ್ತಿತ್ತು. ಬೆಲ್ಲದ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿದಳು. ಮಬ್ಬಿನಲ್ಲೇ ಕೆರೆ ಏರಿಯವರೆಗೆ ನಡೆಸಿಕೊಂಡು ಹೋದಳು. ನಾನು ದಾರಿಯುದ್ದಕ್ಕೂ ಗೊಣಗಿದೆ. ಅಮ್ಮ ಬಾಗಿಲಲ್ಲಿ ನಿಂತು, “ಏನಿದು ಅತ್ತೆ ಸೊಸೆ ಗುಟ್ಟು” ಅಂದಾಗ ಅತ್ತೆ, “ಮಂಡಿನೋವು, ಇವಳಿಗೂ ಬಂದಿದೆ” ಅಂದಳು.

ಗುರುವಾರ ಆಸ್ಪತ್ರೆಗೂ ಹೋದೆವು. ಡಾಕ್ಟರಮ್ಮ ನಿಧಾನವಾಗಿ ಎಲ್ಲ ಕೇಳಿದರು: ನಿದ್ದೆ, ಊಟ, ಸಾಯಬೇಕು ಅನ್ನಿಸುತ್ತದಾ, ಯಾವ ತಿಂಗಳು ಶುರು, ಯಾವ ತಿಂಗಳು ಬಿಡುಗಡೆ. ಸಾಯಬೇಕು ಅನ್ನಿಸಿಲ್ಲ, ನಾನು ಇಲ್ಲದೆ ಇದ್ದರೆ ಚೆನ್ನಾಗಿತ್ತು ಅನ್ನಿಸಿದೆ, ಎಂದು ನಾನು ಬಹಳ ಸಣ್ಣ ದನಿಯಲ್ಲಿ ಹೇಳಿದ್ದಕ್ಕೆ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಮಾತ್ರೆ ಬರೆದರು, ಮುಂದಿನ ವಾರ ತಪ್ಪದೆ ಬರಬೇಕು, ಹಾಗೆ ಮತ್ತೆ ಅನ್ನಿಸಿದರೆ ವಾರ ಕಾಯಬಾರದು ಅಂದರು. “ನಿಮ್ಮ ಎದುರುಮನೇಲೇ ಬಿಸಿಲಿದೆಯಲ್ಲಮ್ಮ. ನಿನಗೆ ಅದು ಔಷಧಿ. ಯಾಕೆ ಹೋಗ್ತಿಲ್ಲ?”

ನಾನು ಕಾಲ ಹೆಬ್ಬೆರಳು ನೋಡಿದೆ. “ಸ್ವಲ್ಪ ನಾಚಿಕೆ ಸ್ವಭಾವ” ಅಂದಳು ಅತ್ತೆ.

“ನಾಚಿಕೆಗೆ ನನ್ನ ಹತ್ರ ಮಾತ್ರೆ ಇಲ್ಲ” ಅಂದರು ಡಾಕ್ಟರಮ್ಮ.

ಭಾನುವಾರ ಬೆಳಿಗ್ಗೆ ಅತ್ತೆ ನನ್ನ ತಲೆ ಬಾಚಿ ಜಡೆ ಹಾಕಿದಳು. ಮಾರನೇ ದಿನವೇ ಆ ಸೋಮವಾರ. ಈ ಮೈ ಹೊತ್ತುಕೊಂಡು ತರಗತಿಯಲ್ಲಿ ನಿಲ್ಲಬೇಕೆಂದರೆ ಒಂದು ಹೊತ್ತಾದರೂ ಆ ತೊಟ್ಟಿಯಲ್ಲಿ ಕೂರಬೇಕೆಂದು ನನಗೂ ಗೊತ್ತಿತ್ತು. ಇಲ್ಲದಿದ್ದರೆ ಪದ್ಯಗಳೂ ಹುಡುಗಿಯರೂ ಕೈತಪ್ಪಿದ ಹಾಗೆ. ಮುಂದಿನ ವರ್ಷ ಮತ್ತೇನಾದರೂ ಹೋಗುತ್ತದೆ, ಅತ್ತೆಗೆ ಹೋದ ಹಾಗೆ. “ಏನು ಮಹಾ ಕೇಳ್ತಾರೆ?” ಅಂದಳು ಅತ್ತೆ, ಬೀದಿ ದಾಟುತ್ತಾ. “ತಣ್ಣಗಿದೆ ಅನ್ನು, ಒಳಗೆ ನುಗ್ಗು. ಊರೆಲ್ಲ ಹಂಗೇ ಅನ್ನೋದು. ನಾನು ಇಷ್ಟು ವರ್ಷದಿಂದ ಹಂಗೇ ಅಂದಿದೀನಿ. ಒಂದು ಸಲಾನೂ ಬಿಸಿಲಿಗೆ ಗೊತ್ತಾಗಿಲ್ಲ.”

ಹೊಸ್ತಿಲ ಮುಂದೆ ಸಾಲು ಇತ್ತು. ಯಾರ ಬಾಯಲ್ಲೂ ತಮಾಷೆ ಇರಲಿಲ್ಲ. ದೇವೀರಮ್ಮಜ್ಜಿಯ ಮುಖ ಬಿಗಿದುಕೊಂಡಿತ್ತು. ಪಾಪ, ಬಿಸಿಲು ತಮ್ಮ ಮನೆಯಿಂದಲೇ ಹೋಯಿತೆಂಬ ಮಾತು ಬರುವುದಲ್ಲಾ ಎಂಬ ಹೆದರಿಕೆ ಅವರಿಗೆ. ಶಾಂತಕ್ಕ ಕೂಡ ಮೂರು ಸಲವೂ ಬಗ್ಗಿ, “ತಣ್ಣಗಿದೆ, ತಣ್ಣಗಿದೆ, ನನ್ನಾಣೆ ತಣ್ಣಗಿದೆ” ಎಂದು ಹೇಳಿ ಒಳಗೆ ಹೋದರು. ಅತ್ತೆಯ ಸರದಿ ಬಂತು. ಅವಳು ಅಭ್ಯಾಸದ ದನಿಯಲ್ಲಿ ಮೂರು ಸಲ ತಣ್ಣಗಿದೆ ಅಂದು, ಒಳಗೆ ಕಾಲಿಟ್ಟು, ನನಗಾಗಿ ತಿರುಗಿ ನಿಂತಳು.

“ಏನವ್ವಾ, ಅಪರೂಪ” ಅಂದರು ದೇವೀರಮ್ಮಜ್ಜಿ, ನನ್ನ ಕಣ್ಣನ್ನೇ ನೋಡುತ್ತಾ. “ಹೊಟ್ಟೆ ತಣ್ಣಗಿದೆಯಾ?”

ತೊಟ್ಟಿಯ ಅರ್ಧದಲ್ಲಿ ಬೆಳಕು ನಿಂತಿತ್ತು. ಬಾಣಂತಿಯರಿಗೆ ಜಾಗ ಬಿಟ್ಟು ಉಳಿದವರು ಅಂಚಿನಲ್ಲಿ ಒತ್ತಿಕೊಂಡು ಕೂತಿದ್ದರು. ಚಂಪಕಾ ಕಂಬಕ್ಕೆ ಒರಗಿ, ತೊಡೆಯ ಮೇಲೆ ಆರನೇ ತರಗತಿಯ ಉತ್ತರಪತ್ರಿಕೆಗಳನ್ನು ಇಟ್ಟುಕೊಂಡು, ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ನನ್ನ ಹುಡುಗಿಯರ ಅಕ್ಷರ ಇಲ್ಲಿಂದಲೇ ನನಗೆ ಗುರುತು ಸಿಕ್ಕಿತು. ಹೊಟ್ಟೆಯಲ್ಲಿ ಧಗ್ಗೆಂದಿತು. ಓ, ಇದು ಮಬ್ಬು ಎಂದು ಅತ್ತೆಯ ದನಿ ಹೇಳಿತು; ಹೇಳಿದರೂ ಅದು ಉರಿಯುತ್ತಲೇ ಇತ್ತು.

“ಮಂಗಳಾ, ಕೇಳಿದ್ದು. ತಣ್ಣಗಿದೆಯಾ?”

ಚಂಪಕಾ ತಲೆ ಎತ್ತಿದಳು. ನನ್ನನ್ನು ನೋಡಿ ಅವಳ ಮುಖ ಅರಳಿತು. ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ತನ್ನ ಪಕ್ಕದ ಬೆಳಕಿನ ತುಂಡನ್ನು ಕೈಯಿಂದ ತಟ್ಟಿ ತೋರಿಸಿದಳು, ಇಲ್ಲಿ ಬಾ ಎಂದು. ಹಿಂದೆ ಯಾರೋ, “ಬೇಗ ಹೇಳಮ್ಮ, ಕೂಸು ಅಳ್ತಿದೆ” ಅಂದರು. ಒಳಗಿನ ಹೆಂಗಸರೆಲ್ಲ ಈ ಕಡೆ ತಿರುಗಿದರು. ಅತ್ತೆ ಬಾಯಿ ಅಲುಗಿಸದೆ ಕಣ್ಣಲ್ಲೇ ಹೇಳಿಕೊಡುತ್ತಿದ್ದಳು: ಅನ್ನು, ಅನ್ನು.

ಇಲ್ಲ, ಹೊಟ್ಟೆ ಉರಿಯುತ್ತಿದೆ ಎಂದು ಅಂದುಬಿಡೋಣ ಅನ್ನಿಸಿತು. ಅದು ಸುಳ್ಳಾಗುತ್ತಿರಲಿಲ್ಲ. ಆದರೆ ಹಾಗೆ ಅಂದರೆ ಮತ್ತೆ ಎಲ್ಲ ಚಂಪಕಾಳ ಮೇಲೇ ಹೋಗುತ್ತಿತ್ತು, ಅವಳ ಕಿವಿ, ಅವಳ ಕೂದಲು, ಅವಳ ಮನೆ. ಹೋದ ವರ್ಷದ ಶರ್ವಾಣಿಯ ಹಾಗೆ, ಶೆಟ್ಟರ ಹಸುವಿನ ಹಾಗೆ. ಅವಳಾದರೋ ಅಲ್ಲಿ ಕೂತು ನನಗೆ ಜಾಗ ಮಾಡುತ್ತಿದ್ದಳು. ತಣ್ಣಗಿದೆ ಅಂದರೆ, ಅತ್ತೆ ಇಷ್ಟು ವರ್ಷ ಮುಚ್ಚಿಟ್ಟ ಹಾಗೆ ನಾನೂ ಮುಚ್ಚಿಡುವುದಾಗುತ್ತಿತ್ತು.

“ಮೂರನೇ ಸಲ ಕೇಳ್ತಿದೀನಿ ಕಣವ್ವಾ.”

ನಾನು ಬಾಯಿಗೆ ಬೀಗ ಹಾಕಿಕೊಂಡವಳ ಹಾಗೆ ಬೆಳೆದವಳು. ನನ್ನ ದನಿ ಅಷ್ಟು ದೊಡ್ಡದಾಗಿ ಹೊರಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

“ನನಗೆ ಹುಷಾರಿಲ್ಲ ಅಜ್ಜಿ” ಅಂದೆ. “ಪ್ರತಿ ವರ್ಷಾನೂ ಮಬ್ಬುಗಾಲದಲ್ಲಿ ನನಗೆ ಹುಷಾರಿರಲ್ಲ.”